ಛಾಯಾಚಿತ್ರದ ಅಂಕಿತ

ಕನ್ನಡ ಸಂಶೋಧನೆಯು ಕರ್ತೃತ್ವದ ಪ್ರಶ್ನೆಯನ್ನು ಎಂದೂ ಹಗುರವಾಗಿ ಕಂಡಿಲ್ಲ. ಕೆ.ಬಿ. ಪಾಠಕರು 1898ರಲ್ಲಿ ‘ಕವಿರಾಜಮಾರ್ಗ’ವನ್ನು ಸಂಪಾದಿಸಿ ಪ್ರಕಟಿಸಿದಂದಿನಿಂದ ಅದರ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಜಿಜ್ಞಾಸೆ ನಡೆದುಬಂದಿದೆ. ವಚನವೊಂದರ ಅಂಕಿತದಲ್ಲಿ ವ್ಯತ್ಯಾಸ ಕಂಡರೆ ಅದು ಯಾರ ವಚನವೆಂದು ನಿರ್ಧರಿಸಲು ವಿದ್ವಾಂಸರು ಹಸ್ತಪ್ರತಿಯಿಂದ ಹಸ್ತಪ್ರತಿಗೆ ಅಲೆದಿದ್ದಾರೆ. ಓಲೆಗರಿಯ ಕಟ್ಟನ್ನು ಕೊಟ್ಟ ಮನೆತನವನ್ನು ಪೀಠಿಕೆಯಲ್ಲಿ ಸ್ಮರಿಸುವುದು, ಪ್ರತಿಕಾರನ ಹೆಸರನ್ನೂ ಕಾಲವನ್ನೂ ಗುರುತಿಸುವುದು ಗ್ರಂಥಸಂಪಾದನೆಯ ಪ್ರಾಥಮಿಕ ಶಿಸ್ತಾಗಿದೆ. ಆದರೆ ಇಂತಹ ಶಿಸ್ತಿನಿಂದ ಸಿದ್ಧವಾದ ಗ್ರಂಥದ ರಕ್ಷಾಪುಟದಲ್ಲಿ ಅಚ್ಚಾಗಿರುವ ದೇವಾಲಯದ ಛಾಯಾಚಿತ್ರವನ್ನು ತೆಗೆದವರು ಯಾರು ಎಂದು ಕೇಳಿದರೆ ಉತ್ತರ ದೊರೆಯುವುದು ಕಷ್ಟ. ಬಹುಮಟ್ಟಿಗೆ ಹೆಸರೇ ಇರುವುದಿಲ್ಲ. ಇದ್ದರೆ ‘ಸಂಗ್ರಹ ಚಿತ್ರ’ ಎಂದಿರುತ್ತದೆ, ಇಲ್ಲವೆ ‘ಚಿತ್ರಕೃಪೆ: ಅಂತರಜಾಲ’ ಎಂದಿರುತ್ತದೆ. ಅಂತರಜಾಲವು ಚಿತ್ರವನ್ನು ತೆಗೆಯುವುದಿಲ್ಲ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ‘ಗ್ರಂಥಕೃಪೆ: ಗ್ರಂಥಾಲಯ’ ಎಂದು ಬರೆದ ಸಂಶೋಧನ ಪ್ರಬಂಧವನ್ನು ಯಾವ ಮಾರ್ಗದರ್ಶಕರೂ ಒಪ್ಪಲಾರರು.

ಅನಾಮಧೇಯತೆಯೇ ಈ ನೆಲದ ಪರಂಪರೆ, ಹೆಸರಿನ ಹಂಬಲ ಪಶ್ಚಿಮದಿಂದ ಬಂದುದು ಎಂಬ ಸಮಾಧಾನವೊಂದು ಆಗಾಗ ಕೇಳಿಬರುತ್ತದೆ. ಕರ್ನಾಟಕದ ಶಿಲ್ಪ ಮತ್ತು ಶಾಸನಗಳು ಈ ಮಾತನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಸೋಮನಾಥಪುರದ ಕೇಶವ ದೇವಾಲಯದಲ್ಲಿ ರೂವಾರಿ ಮಲ್ಲಿತಮ್ಮನ ಹೆಸರಿದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರೂ ಅವನ ಮಗ ಚಾವಣನ ಹೆಸರೂ ಇವೆ. ಶಾಸನದ ಪಾಠವನ್ನು ರಚಿಸಿದ ಕವಿಯ ಜೊತೆಗೆ ಅದನ್ನು ಕಲ್ಲಿನಲ್ಲಿ ಕಂಡರಿಸಿದವನ ಹೆಸರನ್ನೂ ಹೇಳಿ ಮುಗಿಯುವ ಶಾಸನಗಳು ಅನೇಕ. ದಾನ ಕೊಟ್ಟವನು ಅರಸನಾದರೂ, ಒಪ್ಪಿಸಿದ್ದು ದೇವರಿಗಾದರೂ, ಉಳಿ ಹಿಡಿದವನು ತನ್ನ ಹೆಸರಿಗೆ ಒಂದು ಅಂಗೈಯಗಲದ ಜಾಗವನ್ನು ಕೇಳಿ ಪಡೆದಿದ್ದಾನೆ. ಹಾಗಿರುವಾಗ ಆ ಮದನಿಕೆಯ ಚಿತ್ರವನ್ನು ತೆಗೆದವನು ಅಷ್ಟೇ ಜಾಗವನ್ನು ಕೇಳಿದರೆ ಅದನ್ನು ಅಹಂಕಾರವೆನ್ನಲು ಬರುವುದಿಲ್ಲ.

ಛಾಯಾಗ್ರಹಣವು ಕನ್ನಡ ನಾಡನ್ನು ಪ್ರವೇಶಿಸಿದ ಆರಂಭದ ದಶಕಗಳಲ್ಲಿ ಈ ಮರ್ಯಾದೆ ಇತ್ತು. 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಧಾರವಾಡ ಮತ್ತು ಮೈಸೂರು ಪ್ರದೇಶಗಳ ವಾಸ್ತುಶಿಲ್ಪವನ್ನು ಕುರಿತ ಬೃಹತ್ ಗ್ರಂಥಕ್ಕೆ ಐತಿಹಾಸಿಕ ವಿವರಣೆ ಬರೆದವರು ಮೆಡೋಸ್ ಟೇಲರ್. ವಾಸ್ತು ಕುರಿತ ಟಿಪ್ಪಣಿ ಬರೆದವರು ಜೇಮ್ಸ್ ಫರ್ಗ್ಯುಸನ್. ಇಬ್ಬರೂ ಹೆಸರಾಂತ ವಿದ್ವಾಂಸರು. ಆದರೂ ಶೀರ್ಷಿಕೆ ಪುಟದಲ್ಲಿ ಚಿತ್ರಗಳನ್ನು ತೆಗೆದ ಪಿಗೋ, ನೀಲ್ ಮತ್ತು ಬಿಗ್ಸ್ ಎಂಬ ಮೂವರ ಹೆಸರುಗಳು ವಿದ್ವಾಂಸರ ಹೆಸರುಗಳಿಗಿಂತ ಮೊದಲು ಬಂದಿವೆ. ವೃತ್ತಿಯಿಂದ ವೈದ್ಯರಾಗಿದ್ದ ಪಿಗೋ ಅಷ್ಟರಲ್ಲಿ ತೀರಿಕೊಂಡಿದ್ದರು. ತೀರಿಕೊಂಡವರ ಹೆಸರನ್ನೂ ಗ್ರಂಥವು ಬಿಟ್ಟಿಲ್ಲ. ವಸಾಹತು ಆಡಳಿತಕ್ಕೆ ಈ ನಾಡನ್ನು ದಾಖಲಿಸುವಲ್ಲಿ ತನ್ನದೇ ಆದ ಉದ್ದೇಶಗಳಿದ್ದವು ಎಂಬುದು ನಿಜ. ಚಿತ್ರ ತೆಗೆದವರ ಹೆಸರು ಉಳಿಯಿತೇ ಹೊರತು ಅವರ ಕ್ಯಾಮೆರಾವನ್ನೂ ಗಾಜಿನ ಫಲಕಗಳನ್ನೂ ಹೊತ್ತವರ ಹೆಸರು ಉಳಿಯಲಿಲ್ಲ ಎಂಬುದೂ ನಿಜವೇ. ಆದರೆ ಚಿತ್ರವು ತಾನಾಗಿ ಹುಟ್ಟಿದ್ದಲ್ಲ, ಅದಕ್ಕೊಬ್ಬ ಕರ್ತೃ ಇದ್ದಾನೆ ಎಂಬ ತಿಳಿವಳಿಕೆ ಆ ಪುಟದಲ್ಲಿ ಸ್ಪಷ್ಟವಾಗಿದೆ.

ಈ ತಿಳಿವಳಿಕೆಯನ್ನು ಪ್ರಶ್ನಿಸಿದವರೂ ಇದ್ದರು. ಚಿತ್ರವನ್ನು ಮಾಡುವುದು ಬೆಳಕು ಮತ್ತು ಯಂತ್ರ; ಗುಂಡಿ ಒತ್ತುವವನು ಕರ್ತೃ ಹೇಗಾಗುತ್ತಾನೆ ಎಂಬುದು ಅವರ ವಾದ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ 1884ರಲ್ಲಿ ಬಂದ ಮೊಕದ್ದಮೆಯಲ್ಲಿ ಇದೇ ಪ್ರಶ್ನೆಯಿತ್ತು. ನೆಪೋಲಿಯನ್ ಸರೋನಿ ಎಂಬ ಛಾಯಾಗ್ರಾಹಕ 1882ರಲ್ಲಿ ಆಸ್ಕರ್ ವೈಲ್ಡನ ಚಿತ್ರವನ್ನು ತೆಗೆದಿದ್ದ. ಮುದ್ರಣ ಸಂಸ್ಥೆಯೊಂದು ಅವನನ್ನು ಕೇಳದೆ ಅದರ 85,000 ಕಲ್ಲಚ್ಚಿನ ಪ್ರತಿಗಳನ್ನು ಮಾಡಿತು. ವೈಲ್ಡನನ್ನು ಕೂರಿಸಿದ ಭಂಗಿ, ಉಡುಪು ಹಾಗೂ ಹಿನ್ನೆಲೆಯ ಆಯ್ಕೆ, ನೆರಳು ಬೆಳಕುಗಳ ಹೊಂದಾಣಿಕೆ ಇವೆಲ್ಲವೂ ಸರೋನಿಯ ಮನಸ್ಸಿನಿಂದ ಬಂದವು, ಆದ್ದರಿಂದ ಅವನೇ ಕರ್ತೃ ಎಂದು ನ್ಯಾಯಾಲಯ ತೀರ್ಪಿತ್ತಿತು. ಯಂತ್ರವು ಉಪಕರಣ, ದೃಷ್ಟಿಯು ಕರ್ತೃವಿನದು ಎಂಬ ವಿವೇಕ ಈ ತೀರ್ಪಿನ ತಿರುಳು.

ಭಾರತದ ಕಾನೂನು ಈ ನಿಲುವಿಗೆ ಸುತ್ತುಬಳಸಿ ಬಂದಿತು. 1914ರ ಕಾಯಿದೆಯು ಬ್ರಿಟನ್ನಿನ 1911ರ ಕಾಯಿದೆಯನ್ನು ಇಲ್ಲಿಗೆ ಅನ್ವಯಿಸಿತು. ಅದರ ಪ್ರಕಾರ ಮೂಲ ನೆಗೆಟಿವ್ ಸಿದ್ಧವಾದಾಗ ಅದು ಯಾರ ಸ್ವತ್ತಾಗಿರುತ್ತದೆಯೋ ಅವರನ್ನೇ ಕರ್ತೃವೆಂದು ಭಾವಿಸಲಾಗುತ್ತಿತ್ತು. ಅಂದರೆ ಕರ್ತೃತ್ವವನ್ನು ನಿರ್ಧರಿಸುತ್ತಿದ್ದುದು ಕಣ್ಣಲ್ಲ, ಗಾಜಿನ ಫಲಕದ ಒಡೆತನ. ಸ್ವತಂತ್ರ ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ಇದನ್ನು ಬದಲಿಸಿತು. ಛಾಯಾಚಿತ್ರವನ್ನು ಅದು ಚಿತ್ರಕಲೆ, ಶಿಲ್ಪಗಳ ಸಾಲಿನಲ್ಲಿ ಕಲಾಕೃತಿಯೆಂದು ಪರಿಗಣಿಸಿ, ಚಿತ್ರವನ್ನು ತೆಗೆದ ವ್ಯಕ್ತಿಯೇ ಅದರ ಕರ್ತೃ ಎಂದು ಸಾರಿತು. ಆದರೂ ಅವಧಿಯ ವಿಷಯದಲ್ಲಿ ತಾರತಮ್ಯ ಉಳಿಯಿತು. ಸಾಹಿತಿಯ ಹಕ್ಕು ಅವನ ಜೀವಿತಾವಧಿಯನ್ನೂ ಮೀರಿ ನಡೆಯುತ್ತಿದ್ದರೆ, ಛಾಯಾಗ್ರಾಹಕನ ಹಕ್ಕನ್ನು ಚಿತ್ರದ ಪ್ರಕಟಣೆಯ ವರ್ಷದಿಂದಲೇ ಎಣಿಸಲಾಗುತ್ತಿತ್ತು. ಮೊದಲು 50 ವರ್ಷ, 1992ರ ತಿದ್ದುಪಡಿಯ ನಂತರ 60 ವರ್ಷ. ಇಪ್ಪತ್ತರ ಹರೆಯದಲ್ಲಿ ತೆಗೆದ ಚಿತ್ರದ ಮೇಲಿನ ಹಕ್ಕನ್ನು ದೀರ್ಘಾಯುಷಿಯಾದ ಛಾಯಾಗ್ರಾಹಕನು ತನ್ನ ಕಣ್ಣೆದುರೇ ಕಳೆದುಕೊಳ್ಳುವುದು ಸಾಧ್ಯವಿತ್ತು. 2012ರ ತಿದ್ದುಪಡಿ ಈ ಭೇದವನ್ನು ತೆಗೆದುಹಾಕಿತು. ಈಗ ಛಾಯಾಗ್ರಾಹಕನ ಹಕ್ಕು ಕವಿಯ ಹಕ್ಕಿನಂತೆಯೇ ಜೀವಿತಾವಧಿ ಮತ್ತು ಮರಣಾನಂತರದ 60 ವರ್ಷಗಳವರೆಗೆ ಇರುತ್ತದೆ. ಈ ಹಕ್ಕಿಗೆ ನೋಂದಣಿಯ ಅಗತ್ಯವಿಲ್ಲ; ಕೃತಿ ಹುಟ್ಟಿದೊಡನೆ ಹಕ್ಕೂ ಹುಟ್ಟುತ್ತದೆ.

ಇದೇ ಕಾಯಿದೆಯ 57ನೆಯ ಕಲಮು ಕನ್ನಡ ವಿದ್ವಾಂಸರಿಗೆ ಹೆಚ್ಚು ಆಪ್ತವಾಗಬೇಕಾದುದು. ಕೃತಿಯನ್ನು ಪೂರ್ತಿಯಾಗಿ ಮಾರಿದ ಮೇಲೂ ಅದು ತನ್ನದೆಂದು ಹೇಳಿಕೊಳ್ಳುವ ಹಕ್ಕು, ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕು ಕರ್ತೃವಿನಲ್ಲೇ ಉಳಿಯುತ್ತವೆ ಎಂದು ಅದು ಹೇಳುತ್ತದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರನಾಥ ಸೆಹಗಲ್ ಅವರ ಶಿಲ್ಪವನ್ನು ಕಿತ್ತು ಉಗ್ರಾಣಕ್ಕೆ ಹಾಕಿದ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2005ರಲ್ಲಿ ಈ ಹಕ್ಕನ್ನು ಎತ್ತಿಹಿಡಿಯಿತು. ಹಣದ ಲೆಕ್ಕ ಮುಗಿದ ಮೇಲೂ ಮುಗಿಯದ ಸಂಬಂಧವೊಂದು ಕೃತಿಗೂ ಕರ್ತೃವಿಗೂ ನಡುವೆ ಇದೆ ಎಂಬ ಈ ಕಲ್ಪನೆ ವಚನದ ಅಂಕಿತವನ್ನು ಬಲ್ಲವರಿಗೆ ಅಪರಿಚಿತವಲ್ಲ.

ಅಂಕಿತವಿಲ್ಲದ ಚಿತ್ರಕ್ಕೆ ಏನಾಗುತ್ತದೆ ಎಂಬುದಕ್ಕೆ ಕ್ಯೂಬಾದ ಆಲ್ಬರ್ಟೊ ಕೋರ್ಡಾನ ಅನುಭವ ಒಂದು ದೊಡ್ಡ ನಿದರ್ಶನ. 1960ರ ಮಾರ್ಚ್ 5ರಂದು ಹವಾನಾದ ಶೋಕಸಭೆಯಲ್ಲಿ ಅವನು ಚೆ ಗೆವಾರನ ಚಿತ್ರವನ್ನು ತೆಗೆದ. ಅವನು ಕೆಲಸ ಮಾಡುತ್ತಿದ್ದ ಪತ್ರಿಕೆ ಅಂದು ಅದನ್ನು ಬಳಸಲಿಲ್ಲ. ಚಿತ್ರ ಕೋರ್ಡಾನ ಗೋಡೆಯ ಮೇಲೆ ಉಳಿಯಿತು. 1967ರಲ್ಲಿ ಇಟಲಿಯ ಪ್ರಕಾಶಕ ಫೆಲ್ಟ್ರಿನೆಲ್ಲಿ ಬಂದು ಕೇಳಿದಾಗ ಅವನು ಹಣ ಪಡೆಯದೆ ಪ್ರತಿಗಳನ್ನು ಕೊಟ್ಟ. ಅದೇ ವರ್ಷ ಚೆ ಹತನಾದ ಮೇಲೆ ಆ ಮುಖ ಭಿತ್ತಿಪತ್ರವಾಗಿ, ಬಾವುಟವಾಗಿ, ಅಂಗಿಯ ಎದೆಯ ಮೇಲಿನ ಮುದ್ರೆಯಾಗಿ ಲೋಕವನ್ನೆಲ್ಲ ಸುತ್ತಿತು. ತೆಗೆದವನ ಹೆಸರು ಮಾತ್ರ ಅದರೊಂದಿಗೆ ಹೋಗಲಿಲ್ಲ. ಚೆಯ ನೆನಪನ್ನೂ ಆದರ್ಶವನ್ನೂ ಹರಡುವವರು ಚಿತ್ರವನ್ನು ಬಳಸಿದರೆ ಕೋರ್ಡಾನ ಆಕ್ಷೇಪವಿರಲಿಲ್ಲ. ಆದರೆ ವೋಡ್ಕಾ ಮದ್ಯದ ಜಾಹೀರಾತಿಗೆ ಅದನ್ನು ಬಳಸಿದಾಗ ಅವನು 2000ದಲ್ಲಿ ಲಂಡನ್ನಿನಲ್ಲಿ ಮೊಕದ್ದಮೆ ಹೂಡಿದ. ರಾಜಿಯಲ್ಲಿ ಬಂದ 50,000 ಡಾಲರುಗಳನ್ನು ತಾನಿಟ್ಟುಕೊಳ್ಳದೆ ಕ್ಯೂಬಾದ ಮಕ್ಕಳ ವೈದ್ಯಕೀಯ ನೆರವಿಗೆ ಕೊಟ್ಟ. ಮರುವರ್ಷ ಅವನು ತೀರಿಕೊಂಡ. ಹಕ್ಕನ್ನು ಕೇಳುವವರೆಲ್ಲ ಹಣಕ್ಕಾಗಿ ಕೇಳುತ್ತಾರೆ ಎಂಬ ಸಂಶಯಕ್ಕೆ ಈ ಪ್ರಸಂಗದಲ್ಲಿ ಉತ್ತರವಿದೆ. ಕೋರ್ಡಾ ಕೇಳಿದ್ದು, ತನ್ನ ಚಿತ್ರ ಯಾವುದಕ್ಕೆ ಬಳಕೆಯಾಗಬಾರದು ಎಂದು ಹೇಳುವ ಅಧಿಕಾರವನ್ನು.

ಹಣದ ಪ್ರಶ್ನೆಯೂ ಹೀನವಾದುದೇನಲ್ಲ. ಅಮೆರಿಕದ ಛಾಯಾಗ್ರಾಹಕಿ ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ಪ್ರಿನ್ಸ್ ಎಂಬ ಗಾಯಕನ ಚಿತ್ರವನ್ನು ತೆಗೆದಿದ್ದರು. 1984ರಲ್ಲಿ ಪತ್ರಿಕೆಯೊಂದು 400 ಡಾಲರು ಕೊಟ್ಟು, ಒಂದು ಬಾರಿ ಮಾತ್ರ ಬಳಸುವ ಒಪ್ಪಂದದ ಮೇಲೆ, ಅದನ್ನು ಆಧರಿಸಿ ಆಂಡಿ ವಾರ್ಹಾಲ್ ಅವರಿಂದ ಚಿತ್ರ ಬರೆಯಿಸಿತು. ವಾರ್ಹಾಲ್ ಒಂದಕ್ಕೆ ನಿಲ್ಲಿಸದೆ ಒಟ್ಟು 16 ಚಿತ್ರಗಳನ್ನು ಮಾಡಿದರು. ಇದು ಗೋಲ್ಡ್‌ಸ್ಮಿತ್‌ಗೆ ತಿಳಿಯಲಿಲ್ಲ. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಅವುಗಳಲ್ಲಿ ಇನ್ನೊಂದನ್ನು ಮುಖಪುಟಕ್ಕೆ ಬಳಸಿ, ವಾರ್ಹಾಲ್ ಪ್ರತಿಷ್ಠಾನಕ್ಕೆ 10,250 ಡಾಲರು ಕೊಡಲಾಯಿತು. ಛಾಯಾಗ್ರಾಹಕಿಗೆ ಹಣವೂ ಬರಲಿಲ್ಲ, ಹೆಸರೂ ಬರಲಿಲ್ಲ. ಕೆಳಗಿನ ನ್ಯಾಯಾಲಯದಲ್ಲಿ ಸೋತು, ಮೇಲ್ಮನವಿಯಲ್ಲಿ ಗೆದ್ದು, ಕೊನೆಗೆ 2023ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಬಹುಮತದಿಂದ ಅವರ ವಾದಕ್ಕೆ ಮನ್ನಣೆ ದೊರೆಯಿತು. ಇಬ್ಬರು ಭಿನ್ನಮತ ಬರೆದರು. ಪತ್ರಿಕೆಗೆ ಮುಖಚಿತ್ರವಾಗಿ ಮಾರುವ ಉದ್ದೇಶ ಎರಡಕ್ಕೂ ಒಂದೇ ಆಗಿದ್ದಾಗ, ಎರಡನೆಯವರು ಎಷ್ಟೇ ದೊಡ್ಡ ಕಲಾವಿದರಾದರೂ ಮೊದಲಿನವರ ಅನುಮತಿಯನ್ನು ದಾಟಲಾಗದು ಎಂಬುದು ಆ ತೀರ್ಪಿನ ಸಾರ.

ಭಾರತದಲ್ಲಿ ಹೆಸರಿನ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿಯೆಂದು ಮನ್ನಣೆ ಪಡೆದ ಹೋಮಾಯ್ ವ್ಯಾರಾವಾಲಾ ಅವರ ಆರಂಭದ ಚಿತ್ರಗಳು ಪತಿಯ ಹೆಸರಿನಲ್ಲಿ ಪ್ರಕಟವಾದವು. ಸ್ವಾತಂತ್ರ್ಯೋದಯದ ದಿನಗಳ ದೆಹಲಿಯನ್ನು ಅನೇಕರು ಕಂಡದ್ದು ಅವರ ಕಣ್ಣಿನ ಮೂಲಕ. 1970ರಲ್ಲಿ ಅವರು ಕ್ಯಾಮೆರಾವನ್ನು ಕೆಳಗಿಟ್ಟರು. ಪದ್ಮವಿಭೂಷಣ ಬಂದದ್ದು 2011ರಲ್ಲಿ, ಸಾವಿನ ಹಿಂದಿನ ವರ್ಷ. ಮಹಿಳಾ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಪುರುಷನಾಮದ ಮರೆಯಲ್ಲಿ ಅಡಗಿದ ಲೇಖಕಿಯರನ್ನು ಹುಡುಕಿದಂತೆ, ಛಾಯಾಚಿತ್ರದ ಚರಿತ್ರೆಕಾರರೂ ಹುಡುಕಬೇಕಾದುದು ಬಹಳಷ್ಟಿದೆ. ಚಿತ್ರದ ಕೆಳಗಿನ ಹೆಸರು ಅಳಿದುಹೋದರೆ ಆ ಹುಡುಕಾಟಕ್ಕೆ ಆಧಾರವೇ ಇರುವುದಿಲ್ಲ.

ಇಲ್ಲಿಗೆ ವಿಷಯವು ಕಾನೂನನ್ನು ದಾಟಿ ಸಂಶೋಧನೆಯ ವಿಧಾನಕ್ಕೆ ಬರುತ್ತದೆ. ಛಾಯಾಚಿತ್ರವು ವಿದ್ವತ್ ಲೇಖನದಲ್ಲಿ ಅಲಂಕಾರವಲ್ಲ, ಆಕರ. ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಲೇಪಿಸಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದಿಟ್ಟರು. ತೆಗೆದವರು ಯಾರು, ಯಾವಾಗ ಎಂಬುದು ತಿಳಿದಿದ್ದುದರಿಂದಲೇ 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಅವೇ ಸ್ಥಳಗಳಲ್ಲಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದು, ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಬಿತ್ತು, ಏನು ಉಳಿಯಿತು, ಏನನ್ನು ಮತ್ತೆ ಎತ್ತಿ ನಿಲ್ಲಿಸಲಾಯಿತು ಎಂಬುದನ್ನು ಹೋಲಿಸಲು ಸಾಧ್ಯವಾಯಿತು. ಅದೇ ಚಿತ್ರಗಳು ‘ಹಳೆಯ ಹಂಪಿ’ ಎಂಬ ಒಕ್ಕಣೆಯೊಂದಿಗೆ, ಹೆಸರು ಕಾಲಗಳಿಲ್ಲದೆ ಕೈಯಿಂದ ಕೈಗೆ ಸಾಗಿದ್ದರೆ ಅವು ಕುತೂಹಲದ ವಸ್ತುಗಳಾಗುತ್ತಿದ್ದವೇ ಹೊರತು ದಾಖಲೆಗಳಾಗುತ್ತಿರಲಿಲ್ಲ. ಛಾಯಾಗ್ರಾಹಕನ ಹೆಸರು ಮೂಲ ನೆಗೆಟಿವ್‌ಗೂ, ತೆಗೆದ ದಿನಾಂಕಕ್ಕೂ, ಸ್ಥಳಕ್ಕೂ ಹೋಗುವ ದಾರಿ. ಹೆಸರನ್ನು ಕಳೆದ ಚಿತ್ರ ಪ್ರಾಪ್ತಿಸ್ಥಾನ ತಿಳಿಯದ ತಾಮ್ರಪಟದಂತೆ.

ವಿರೂಪಗೊಳಿಸುವಿಕೆಯಿಂದ ಆಗುವ ಹಾನಿಯೂ ಇಂತಹುದೇ. ವಿಷ್ಣುವಿನ ಚತುರ್ವಿಂಶತಿ ಮೂರ್ತಿಗಳನ್ನು ಗುರುತಿಸುವುದು ನಾಲ್ಕು ಕೈಗಳಲ್ಲಿ ಶಂಖ, ಚಕ್ರ, ಗದೆ, ಪದ್ಮಗಳು ಇರುವ ಕ್ರಮದಿಂದ. ಪುಟವಿನ್ಯಾಸಕ್ಕೆ ಹೊಂದುವುದಿಲ್ಲವೆಂದು ಚಿತ್ರವನ್ನು ಎಡಬಲ ತಿರುಗಿಸಿ ಅಚ್ಚುಮಾಡಿದರೆ ಒಂದು ಮೂರ್ತಿಯ ಲಕ್ಷಣ ಇನ್ನೊಂದಕ್ಕೆ ಸೇರಿಬಿಡುತ್ತದೆ. ಸವೆದ ಶಾಸನದ ಅಕ್ಷರಗಳು ಕಾಣುವಂತಾಗಲು ಛಾಯಾಗ್ರಾಹಕನು ಓರೆಬಿಸಿಲಿಗಾಗಿ ಗಂಟೆಗಟ್ಟಲೆ ಕಾದಿರುತ್ತಾನೆ. ಆ ನೆರಳನ್ನು ಕೊಳೆಯೆಂದು ತಿಳಿದು ಅಚ್ಚುಕೂಟದಲ್ಲಿ ಬೆಳ್ಳಗೆ ಮಾಡಿದರೆ ಅಕ್ಷರವೂ ಹೋಗುತ್ತದೆ. ತೆಗೆದವನನ್ನು ಒಂದು ಮಾತು ಕೇಳಿದ್ದರೆ ಇವೆರಡೂ ತಪ್ಪುತ್ತಿದ್ದವು. ಅನುಮತಿ ಕೇಳುವುದು ಕೇವಲ ಸೌಜನ್ಯವಲ್ಲ, ಪಾಠಪರಿಷ್ಕರಣದ ಒಂದು ಹಂತವೂ ಹೌದು.

ಕಾನೂನು ವಿದ್ವಾಂಸರ ಕೈಗಳನ್ನು ಕಟ್ಟಿಹಾಕಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಖಾಸಗಿ ಅಧ್ಯಯನ, ಸಂಶೋಧನೆ, ವಿಮರ್ಶೆಗಳಿಗಾಗಿ ಕೃತಿಯನ್ನು ನ್ಯಾಯೋಚಿತವಾಗಿ ಬಳಸಲು 52ನೆಯ ಕಲಮು ಅವಕಾಶ ಕೊಡುತ್ತದೆ. ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕರು ಹಾಗೂ ವಿದ್ಯಾರ್ಥಿಗಳು ಮಾಡುವ ಪ್ರತಿಗಳಿಗೂ ವಿನಾಯಿತಿಯಿದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಪಾಠಸಂಚಿಕೆಗಳ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯ 2016ರಲ್ಲಿ ಈ ವಿನಾಯಿತಿಯನ್ನು ವಿಶಾಲವಾಗಿಯೇ ಅರ್ಥೈಸಿತು. ತರಗತಿಯಲ್ಲಿ ಚಿತ್ರವನ್ನು ತೋರಿಸುವುದಕ್ಕೂ, ಚಿತ್ರವನ್ನೇ ವಿಶ್ಲೇಷಿಸುವ ಲೇಖನದಲ್ಲಿ ಅದನ್ನು ಅಚ್ಚುಮಾಡುವುದಕ್ಕೂ, ಮಾರಾಟದ ಗ್ರಂಥಕ್ಕೆ ಮುಖಪುಟವಾಗಿ ಅಂಟಿಸುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಬೋಧನೆ, ಎರಡನೆಯದು ವಿಮರ್ಶೆ, ಮೂರನೆಯದು ಬಳಕೆ ಮಾತ್ರ. ವಿದ್ವತ್ತಿನ ಹೆಸರಿನಲ್ಲಿ ಮೂರನ್ನೂ ಒಂದೇ ಎನ್ನುವುದು ತರ್ಕಕ್ಕೆ ನಿಲ್ಲುವುದಿಲ್ಲ.

ಹಕ್ಕು ಯಾವಾಗಲೂ ಛಾಯಾಗ್ರಾಹಕನಲ್ಲೇ ಇರುತ್ತದೆ ಎಂದೂ ಹೇಳಲಾಗದು. ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಚಿತ್ರದ ಮೊದಲ ಸ್ವಾಮ್ಯ ತೆಗೆಸಿದವರದು. ನೌಕರಿಯ ಭಾಗವಾಗಿ ತೆಗೆದ ಚಿತ್ರದ್ದು ಸಂಸ್ಥೆಯದು. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷ ಎಂದು ಕಾಯಿದೆ ಭಾವಿಸುತ್ತದೆ. ಒಮ್ಮೆ ಅಭಿನಂದನ ಗ್ರಂಥಕ್ಕೆಂದು ಪ್ರೀತಿಯಿಂದ ಕೊಟ್ಟ ಚಿತ್ರ ಮುಂದಿನ ಎಲ್ಲ ಮುದ್ರಣಗಳಿಗೂ, ಎಲ್ಲ ಸಂಸ್ಥೆಗಳಿಗೂ ಕೊಟ್ಟಂತಲ್ಲ. ವಿಕಿಮೀಡಿಯದಂತಹ ಮುಕ್ತ ಸಂಗ್ರಹಗಳಲ್ಲಿ ಕರ್ನಾಟಕದ ದೇಗುಲಗಳ ಎಷ್ಟೋ ಚಿತ್ರಗಳನ್ನು ಹವ್ಯಾಸಿಗಳು ಶುಲ್ಕವಿಲ್ಲದೆ ಬಳಸಲು ಕೊಟ್ಟಿದ್ದಾರೆ. ಅವರಲ್ಲಿ ಹೆಚ್ಚಿನವರು ವಿಧಿಸಿರುವ ಮುಖ್ಯ ಷರತ್ತು ತಮ್ಮ ಹೆಸರನ್ನು ಹೇಳಬೇಕೆಂಬುದು. ದುಡ್ಡು ಬೇಡವೆಂದವರ ಹೆಸರನ್ನೂ ಬಿಡುವುದು ಕೊಟ್ಟ ಕೈಯನ್ನೇ ಮರೆತಂತೆ.

ಪ್ರಾಮಾಣಿಕವಾದ ಆಕ್ಷೇಪಗಳೂ ಇವೆ. ಕನ್ನಡದ ವಿದ್ವತ್ ಪತ್ರಿಕೆಗಳು ಸಿರಿವಂತವಲ್ಲ. ಲೇಖಕರಿಗೇ ಸಂಭಾವನೆ ಕೊಡಲಾರದ ಸಂಪಾದಕರು ಛಾಯಾಗ್ರಾಹಕರಿಗೆ ಎಲ್ಲಿಂದ ಕೊಡಬೇಕು? ಹಳೆಯ ಸ್ಟುಡಿಯೋಗಳು ಮುಚ್ಚಿಹೋಗಿವೆ, ನೆಗೆಟಿವ್‌ಗಳು ಗುಜರಿಗೆ ಹೋಗಿವೆ. ಹಿರಿಯ ಸಾಹಿತಿಯೊಬ್ಬರ ಪ್ರಸಿದ್ಧ ಭಾವಚಿತ್ರವನ್ನು ತೆಗೆದವರು ಯಾರೆಂದು ಹುಡುಕುವುದು ಹೇಗೆ? ಈ ತೊಡಕುಗಳು ನಿಜವಾದವು. ಆದರೆ ಹೆಸರು ಬರೆಯಲು ಹಣ ಬೇಕಾಗಿಲ್ಲ. ಹುಡುಕಿಯೂ ಸಿಗದಿದ್ದಾಗ ‘ಛಾಯಾಗ್ರಾಹಕರು ತಿಳಿದಿಲ್ಲ, ತಿಳಿದವರು ತಿಳಿಸಬೇಕು’ ಎಂದು ಬರೆಯುವುದು ‘ಸಂಗ್ರಹ ಚಿತ್ರ’ ಎನ್ನುವುದಕ್ಕಿಂತ ಸತ್ಯಕ್ಕೆ ಹತ್ತಿರವಾದುದು. ಗ್ರಂಥಸಂಪಾದಕರು ‘ಕರ್ತೃ ಅಜ್ಞಾತ’ ಎಂದು ಬರೆಯಲು ಎಂದೂ ಸಂಕೋಚಪಟ್ಟವರಲ್ಲ.

ಇನ್ನೂ ಗಂಭೀರವಾದ ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ. ಚಿತ್ರದ ಮೇಲೆ ತೆಗೆದವನಿಗೆ ಹಕ್ಕಿದ್ದರೆ, ಚಿತ್ರದಲ್ಲಿರುವವರಿಗೆ ಏನಿದೆ? ಡೊರೊತಿಯ ಲ್ಯಾಂಗ್ 1936ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಗಾಗಿ ತೆಗೆದ, ಮಕ್ಕಳನ್ನು ಒರಗಿಸಿಕೊಂಡು ಕುಳಿತ ವಲಸೆ ತಾಯಿಯ ಚಿತ್ರ ಆ ದೇಶದ ಬಡತನದ ಸಂಕೇತವಾಯಿತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಎಂಬುದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಆ ಪ್ರಸಿದ್ಧಿಯಿಂದ ತನಗೇನೂ ದೊರೆಯಲಿಲ್ಲವೆಂಬ ಅಸಮಾಧಾನವನ್ನು ಆಕೆ ಮುಚ್ಚಿಡಲಿಲ್ಲ. ಕನ್ನಡದ ಜಾನಪದ ಸಂಶೋಧಕರು ಈ ಪ್ರಶ್ನೆಯ ಎರಡೂ ಬದಿಗಳಲ್ಲಿ ನಿಂತವರು. ಬೇರೆಯವರ ಚಿತ್ರವನ್ನು ಬಳಸುವಾಗ ಅವರು ಬಳಕೆದಾರರು; ಭೂತಾರಾಧನೆಯನ್ನೋ ಚೌಡಿಕೆಯ ಪದ ಹಾಡುವ ಜೋಗತಿಯನ್ನೋ ಕ್ಷೇತ್ರಕಾರ್ಯದಲ್ಲಿ ಸೆರೆಹಿಡಿಯುವಾಗ ಅವರೇ ಛಾಯಾಗ್ರಾಹಕರು. ಪ್ರದರ್ಶಕರ ಹಕ್ಕೆಂಬುದನ್ನು 1994ರ ತಿದ್ದುಪಡಿ ಕಾಯಿದೆಗೆ ಸೇರಿಸಿತು. ಆದರೆ ಸ್ಥಿರಚಿತ್ರದ ಕೃತಿಸ್ವಾಮ್ಯವು ಕ್ಯಾಮೆರಾ ಹಿಡಿದವರದೇ. ಸಂಶೋಧನ ಪ್ರಬಂಧಕ್ಕೆ ಸಂಶೋಧಕರ ಹೆಸರಿರುತ್ತದೆ, ಚಿತ್ರದ ಕೆಳಗೆ ‘ಜೋಗತಿ’ ಎಂದಷ್ಟೇ ಇರುತ್ತದೆ. ತನ್ನ ಚಿತ್ರಕ್ಕೆ ಹೆಸರನ್ನು ಕೇಳುವ ಸಂಶೋಧಕನು ಚಿತ್ರದಲ್ಲಿರುವ ಕಲಾವಿದೆಗೆ, ಆಕೆ ಒಪ್ಪಿದರೆ, ಹೆಸರನ್ನು ಕೊಡಲೇಬೇಕಾಗುತ್ತದೆ. ಒಪ್ಪದಿದ್ದರೆ ಚಿತ್ರವನ್ನು ಕೈಬಿಡಬೇಕಾಗುತ್ತದೆ. ಈ ಆಕ್ಷೇಪ ಛಾಯಾಗ್ರಾಹಕನ ಹಕ್ಕನ್ನು ಅಲ್ಲಗಳೆಯುವುದಿಲ್ಲ; ಅದರ ನೈತಿಕ ನೆಲೆಯನ್ನು ವಿಸ್ತರಿಸುತ್ತದೆ.

ಇದಕ್ಕೆ ಬೇಕಾದುದು ಹೊಸ ಶಾಸ್ತ್ರವಲ್ಲ, ಪಠ್ಯಕ್ಕೆ ಅನ್ವಯಿಸುವ ಹಳೆಯ ಶಿಸ್ತನ್ನೇ ಚಿತ್ರಕ್ಕೂ ಅನ್ವಯಿಸುವುದು. ಲೇಖನವನ್ನು ಕಳುಹಿಸುವವರು ಪ್ರತಿಯೊಂದು ಚಿತ್ರದೊಂದಿಗೆ ತೆಗೆದವರ ಹೆಸರು, ಸ್ಥಳ, ವರ್ಷ ಮತ್ತು ಅನುಮತಿಯ ಪತ್ರವನ್ನು ಲಗತ್ತಿಸಬೇಕೆಂದು ವಿದ್ವತ್ ಪತ್ರಿಕೆಗಳು ನಿಯಮ ಮಾಡಬಹುದು. ಪಿಎಚ್.ಡಿ. ಮೌಲ್ಯಮಾಪನದಲ್ಲಿ ಅಡಿಟಿಪ್ಪಣಿಯನ್ನು ಪರಿಶೀಲಿಸುವಂತೆ ಚಿತ್ರಸೂಚಿಯನ್ನೂ ಪರಿಶೀಲಿಸಬಹುದು. ಸಂಭಾವನೆ ಕೊಡಲಾಗದಿದ್ದಲ್ಲಿ ಸಂಚಿಕೆಯ ಎರಡು ಪ್ರತಿಗಳನ್ನಾದರೂ ಕಳುಹಿಸಬಹುದು. ವಿಭಾಗಗಳ ಕಪಾಟುಗಳಲ್ಲಿರುವ ಹಳೆಯ ಚಿತ್ರಗಳ ಹಿಂಬದಿಯಲ್ಲಿ ಸ್ಟುಡಿಯೋದ ಮೊಹರು ಇನ್ನೂ ಅಳಿಸದಿರುವಾಗಲೇ, ಅವುಗಳನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಅವುಗಳ ಸೂಚಿಯನ್ನು ತಯಾರಿಸುವುದು ತುರ್ತಾಗಿ ಆಗಬೇಕಾದ ಕೆಲಸ. ಹಸ್ತಪ್ರತಿ ಸೂಚಿಗಳನ್ನು ಸಂಪುಟಗಟ್ಟಲೆ ಸಿದ್ಧಪಡಿಸಿದ ವಿದ್ವತ್ ಲೋಕಕ್ಕೆ ಇದು ಅಸಾಧ್ಯವಾದ ಕಾರ್ಯವೇನಲ್ಲ.